ಗಟ್ಟಿ ಪ್ಲೇಟಿನ ಸ್ಪೈಕ್ಸ್, 200 ಮೀಟರಿನ ಕೊನೆಯ ತುಂಡು: ಒಂದು ಪ್ರಕರಣ

ಓಡುವವಳಿಗೆ 16 ವರ್ಷ. 100 ಮತ್ತು 200 ಮೀಟರ್ ಎರಡೂ ಓಡುತ್ತಾಳೆ, ಅದರಲ್ಲಿ 200 ಅವಳ ಮುಖ್ಯ ಓಟ. ನಾನು ಅವಳ ಗುಂಪಿಗೆ ತರಬೇತಿ ಕೊಡುವವನು. ಅವಳ ಹೆಸರು ಇಲ್ಲಿ ಬೇಡ, ಅವಳ ಶೂ ಮಾಡಿದ ಕಂಪನಿಯ ಹೆಸರೂ ಬೇಡ. ತೊಂದರೆ ಏನಿತ್ತು, ಕಾರಣವನ್ನು ಹೇಗೆ ಹುಡುಕಿದೆವು, ಕೊನೆಗೆ ಯಾವ ಥರದ ಶೂ ಆರಿಸಿದೆವು ಅನ್ನುವುದಷ್ಟೇ ಮುಖ್ಯ. ಎಳೆಯ ಓಟಗಾರರ ಜೊತೆ ಕೆಲಸ ಮಾಡುವವರಿಗೆಲ್ಲ ಇಂಥದ್ದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದಕ್ಕೇ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಎರಡು ಸೀಸನ್ ಅವಳು ಹೊಸಬರಿಗೆಂದೇ ಮಾಡಿದ, ಅಟ್ಟೆಯಲ್ಲಿ ಮೊಳೆಯಂಥ ಪಿನ್‌ಗಳಿರುವ ಓಟದ ಶೂ ಅಂದರೆ ಸ್ಪೈಕ್ಸ್‌ನಲ್ಲಿ ಓಡಿದ್ದಳು. ಪಾದದ ಕೆಳಗೆ ತೆಳ್ಳಗಿನ ನೈಲಾನ್ ಪ್ಲೇಟ್ (ಗಟ್ಟಿ ಹಾಳೆ), ಹಿಮ್ಮಡಿ ಕೆಳಗೆ ಸ್ವಲ್ಪ ಫೋಮ್, ಕೈಯಲ್ಲಿ ಹಿಡಿದರೆ ಸುಲಭವಾಗಿ ಬಾಗುವ ಶೂ. ಕಾಲು ಬೆಳೆಯಿತು, ಶೂ ಮೂತಿ ಹರಿಯಿತು, ಹೊಸದು ತರಲೇಬೇಕಾಯಿತು. ಅವಳು ತಂದಿದ್ದು ದೊಡ್ಡ ಕೂಟಗಳ ಫೈನಲ್‌ನಲ್ಲಿ ಕಾಣುವಂಥ ಕಾರ್ಬನ್ ಫೈಬರ್ ಪ್ಲೇಟಿನ ಶೂ. ಸ್ಪ್ರಿಂಟ್ ಸ್ಪೈಕ್ಸ್ ಬಿಗಿಯಾಗಿರಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ, ಮಾಮೂಲಿ ಟ್ರೈನಿಂಗ್ ಶೂಗಿಂತ ಒಂದೂವರೆ ಸೈಜ್ ಚಿಕ್ಕದು ತೆಗೆದುಕೊಂಡಿದ್ದಳು. ಹಿಡಿತ ಚೆನ್ನಾಗಿರಲಿ ಅಂತ 9 ಮಿಲಿಮೀಟರಿನ ಸೂಜಿ ಪಿನ್‌ಗಳನ್ನು ಹಾಕಿಕೊಂಡಿದ್ದಳು.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಓಟ ಶುರುಮಾಡುವಾಗ ಕಾಲು ಊರುವ ಬ್ಲಾಕ್‌ನಿಂದ ಎದ್ದಾಗ ಮೊದಲ ಹತ್ತು ಹೆಜ್ಜೆಗಳಲ್ಲಿ ನೆಲ ತನ್ನನ್ನು ತಳ್ಳುತ್ತಿದೆ ಅಂತ ಅವಳಿಗೆ ಅನ್ನಿಸುತ್ತಿತ್ತು. ಆಮೇಲೆ ಮೂರು ತೊಂದರೆಗಳು ಒಂದರ ಹಿಂದೆ ಒಂದು ಬಂದವು. 200 ಮೀಟರಿನ ಕೊನೆಯ 50ರಲ್ಲಿ ಅವಳು ಕುಸಿಯತೊಡಗಿದಳು. ಹಿಂದಿನ ಸೀಸನ್‌ನಲ್ಲಿ ಅದೇ ಜಾಗದಲ್ಲಿ ಬೇರೆಯವರನ್ನು ಹಿಂದೆ ಹಾಕುತ್ತಿದ್ದವಳು. ವೇಗದ ಓಟ ಮಾಡಿದ ಮರುದಿನ ಬೆಳಗ್ಗೆ ಮೀನಖಂಡ ಮತ್ತು ಹೆಬ್ಬೆರಳಿನ ಬುಡ ಎರಡೂ ನೋಯುತ್ತಿದ್ದವು, ಮೆಟ್ಟಿಲು ಇಳಿಯುವಾಗ ಕುಂಟುತ್ತಿದ್ದಳು. ಜೊತೆಗೆ ಎಡಗಾಲಿನ ಕಿರುಬೆರಳಿನ ಹೊರಬದಿಗೆ ಗುಳ್ಳೆ. ವಾಸಿಯಾದ ಮೇಲೆ ಮತ್ತೆ ಅಲ್ಲೇ ಏಳುತ್ತಿತ್ತು.

"ಸರ್, ಇದು ಫಾಸ್ಟ್ ಶೂ ಅಲ್ವಾ? ನಾನ್ಯಾಕೆ ಸ್ಲೋ ಆಗ್ತಿದೀನಿ?" ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು.

ಪ್ಲೇಟ್ ಏನು ಮಾಡುತ್ತದೆ

ಉತ್ತರಕ್ಕೆ ಮೊದಲು ಸ್ಪ್ರಿಂಟ್ ಸ್ಪೈಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಪಿನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಶೂನ ಗುಣ ನಿರ್ಧಾರವಾಗುವುದು ಪ್ಲೇಟಿನಲ್ಲಿ. ಪಾದದ ಕೆಳಗೆ ಉದ್ದಕ್ಕೆ ಕೂತಿರುವ ಆ ಗಟ್ಟಿ ಹಾಳೆ ನೈಲಾನ್‌ದಿರಬಹುದು, ಪೆಬಾಕ್ಸ್ ಥರದ ಪುಟಿಯುವ ಪ್ಲಾಸ್ಟಿಕ್ಕಿನದಿರಬಹುದು, ಕಾರ್ಬನ್ ಫೈಬರ್ ಇರಬಹುದು. ಶೂ ಮೂತಿ ಮೇಲಕ್ಕೆ ಎದ್ದಿರುತ್ತದೆ, ಹಿಮ್ಮಡಿ ಕಡೆ ಹೆಚ್ಚೇನೂ ಇರುವುದಿಲ್ಲ. ಪೂರ್ತಿ ವೇಗದಲ್ಲಿ ಓಡುವವರ ಭಾರವೆಲ್ಲ ಪಾದದ ಮುಂಭಾಗದ ಮೇಲೇ ಬೀಳುವುದರಿಂದ ಶೂನ ಆಕಾರವೂ ಹಾಗೇ ಇರುತ್ತದೆ.

ಓಡುವಾಗ ಬೆರಳುಗಳ ಬುಡದ ಕೀಲು ಬಾಗುತ್ತದೆ. ಬಾಗುವಾಗ ಒಂದಿಷ್ಟು ಶಕ್ತಿಯನ್ನು ನುಂಗುತ್ತದೆ, ಅದನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಗಟ್ಟಿ ಪ್ಲೇಟ್ ಆ ಬಾಗುವಿಕೆಯನ್ನು ಕಡಿಮೆ ಮಾಡುತ್ತದೆ. ಸ್ಟೆಫನಿಶಿನ್ ಮತ್ತು ಫುಸ್ಕೊ ಎಂಬ ಸಂಶೋಧಕರು 2004ರಲ್ಲಿ ಸ್ಪ್ರಿಂಟ್ ಶೂ ಒಳಗೆ ಬೇರೆ ಬೇರೆ ಗಡಸಿನ ಕಾರ್ಬನ್ ಹಾಳೆಗಳನ್ನು ಇಟ್ಟು ಓಟಗಾರರನ್ನು ಓಡಿಸಿ ನೋಡಿದರು. ಒಟ್ಟಾರೆ ನೋಡಿದರೆ ಗಡಸು ಹೆಚ್ಚಿದಾಗ ಓಟ ಸ್ವಲ್ಪ ವೇಗವಾಯಿತು. ಈ ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದೇ ಪ್ರಯೋಗದಲ್ಲಿ ಕಂಡ ಇನ್ನೊಂದು ವಿಷಯ ಯಾಕೋ ಹಿಂದೆ ಸರಿಯುತ್ತದೆ: ಯಾವ ಗಡಸಿನಲ್ಲಿ ಚೆನ್ನಾಗಿ ಓಡಿದರು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ ಇತ್ತು.

ಯಾಕೆ ಹೀಗೆ? ಪ್ಲೇಟ್ ಬಾಗದೆ ಇದ್ದಾಗ ಕಾಲು ನೆಲವನ್ನು ಒತ್ತುವ ಜಾಗ ಬೆರಳ ತುದಿಯ ಕಡೆ ಸರಿಯುತ್ತದೆ. ಅಂದರೆ ಕಣಕಾಲಿನಿಂದ ಒತ್ತುವ ಜಾಗಕ್ಕೆ ದೂರ ಜಾಸ್ತಿಯಾಗುತ್ತದೆ, ಅಷ್ಟೇ ಬಲವಾಗಿ ತಳ್ಳಲು ಮೀನಖಂಡ ಹೆಚ್ಚು ದುಡಿಯಬೇಕು. ಸೈಕಲ್ಲಿನಲ್ಲಿ ಭಾರಿ ಗೇರ್ ಹಾಕಿದ ಹಾಗೆ. ತುಳಿಯುವ ಬಲ ಇರುವವರಿಗೆ ಅದು ವೇಗ ಕೊಡುತ್ತದೆ, ಇಲ್ಲದವರ ಕಾಲನ್ನು ಬೇಗ ದಣಿಸುತ್ತದೆ. ಒಳ್ಳೆಯ ಸ್ಪ್ರಿಂಟರ್‌ಗಳ ಕಾಲು ಪೂರ್ತಿ ವೇಗದಲ್ಲಿ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವರದು ಅದಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಪ್ಲೇಟನ್ನು ಒತ್ತಿ ಮುಗಿಸಿ ಕಾಲು ಎತ್ತಬೇಕು.

ಶೂ ಬಿಟ್ಟು ಬೇರೆ ಕಾರಣ ಇರಬಹುದೇ

ನೋವು ಅಂದಮೇಲೆ ಮೊದಲ ಕೆಲಸ ಫಿಸಿಯೊಗೆ ತೋರಿಸುವುದು. ಪಾದದ ಮುಂಭಾಗದ ಎಲುಬುಗಳಲ್ಲಿ ಸಣ್ಣ ಬಿರುಕು ಬಂದಿದ್ದರೆ ಶೂ ಬದಲಿಸಿ ಓಡಿಸುವುದು ದೊಡ್ಡ ತಪ್ಪಾಗುತ್ತದೆ. ಎಲುಬಿನ ಒಂದೇ ಜಾಗವನ್ನು ಒತ್ತಿದಾಗ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ನೋವು, ಒಂಟಿಗಾಲಲ್ಲಿ ಕುಪ್ಪಳಿಸಲು ಆಗದಿರುವುದು, ಇವನ್ನೆಲ್ಲ ಅವರು ಪರೀಕ್ಷಿಸಿದರು. ಯಾವುದೂ ಇರಲಿಲ್ಲ. ನೋವು ಮೀನಖಂಡದ ಸ್ನಾಯುವಿನದು ಮತ್ತು ಹೆಬ್ಬೆರಳ ಬುಡದ ಕೀಲಿಗೆ ಬಿದ್ದ ಹೊರೆಯದು ಅಂದರು. ಈ ಹಂತವನ್ನು ಯಾರೂ ಬಿಡಬಾರದು, ಅದರಲ್ಲೂ ಬೆಳೆಯುವ ವಯಸ್ಸಿನವರ ವಿಷಯದಲ್ಲಿ.

ಫಿಸಿಯೊ ಇನ್ನೊಂದು ಸರಳ ಪರೀಕ್ಷೆಯನ್ನೂ ಮಾಡಿದರು. ಒಂಟಿಗಾಲಲ್ಲಿ ನಿಂತು, ಮಂಡಿ ಬಗ್ಗಿಸದೆ, ಹಿಮ್ಮಡಿಯನ್ನು ಪೂರ್ತಿ ಮೇಲಕ್ಕೆ ಎತ್ತಿ ಇಳಿಸುವುದು. ದೊಡ್ಡವರಿಗೆ 25ರ ಆಸುಪಾಸು ಅಂತ ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ಇವಳು ಬಲಗಾಲಲ್ಲಿ 17ಕ್ಕೆ ನಿಂತಳು, ಎಡಗಾಲಲ್ಲಿ 14ಕ್ಕೇ ಹಿಮ್ಮಡಿ ನಡುಗಿತು. ಓಟದಲ್ಲಿ ಚುರುಕು, ಆದರೆ ಮೀನಖಂಡಕ್ಕೆ ಇನ್ನೂ ಆ ಗಟ್ಟಿತನ ಬಂದಿರಲಿಲ್ಲ.

ಟ್ರೈನಿಂಗ್ ಹೊರೆ ಏನಾದರೂ ಹೆಚ್ಚಾಗಿತ್ತೇ ಅಂತಲೂ ನೋಡಿದೆವು. ಅದೇ ಗುಂಪು, ಅದೇ ಟ್ರ್ಯಾಕ್, ಹಿಂದಿನ ಸೀಸನ್‌ನದೇ ವಾರದ ಯೋಜನೆ, ಬೇರೆ ಯಾರಿಗೂ ಇಂಥ ನೋವಿಲ್ಲ. ನಿದ್ದೆ, ಊಟ, ಪರೀಕ್ಷೆಯ ಒತ್ತಡ ಎಲ್ಲ ಕೇಳಿಯಾಯಿತು. ಬದಲಾದದ್ದು ಶೂ ಒಂದೇ.

ಶೂ ಹೇಳಿದ ಕಥೆ

ಶೂ ಬಿಚ್ಚಿಸಿ, ಒರೆಸಿ, ಬೆಳಕಿನಲ್ಲಿ ಇಟ್ಟುಕೊಂಡು ನೋಡಿದೆವು. ಹೊಸ ಸ್ಪೈಕ್ಸ್ ತರುವ ಯಾರಿಗೂ ಇದನ್ನೇ ಹೇಳುತ್ತೇನೆ: ಹಳೆಯದನ್ನು ಎಸೆಯುವ ಮೊದಲು ಓದಿ.

ಮೊದಲು ಇನ್‌ಸೋಲ್. ಎಡ ಶೂ ಒಳಗಿನ ಇನ್‌ಸೋಲ್ ಎಳೆದು ತೆಗೆದಾಗ ಹೆಬ್ಬೆರಳಿನ ಗುರುತು ಕಪ್ಪಾಗಿ, ಆಳವಾಗಿ ಮೂಡಿತ್ತು. ಪಕ್ಕದ ಮೂರು ಬೆರಳುಗಳು ಇರಬೇಕಾದ ಕಡೆ ಉದ್ದನೆಯ ಗುರುತು ಇರಲಿಲ್ಲ. ಬೆರಳ ತುದಿ ಊರಿದ್ದ ಚಿಕ್ಕ ಚಿಕ್ಕ ಗುಂಡು ಚುಕ್ಕೆಗಳಿದ್ದವು, ಅಷ್ಟೆ. ಬೆರಳುಗಳು ಚಾಚಿಕೊಳ್ಳಲು ಜಾಗವಿಲ್ಲದೆ ಮಡಚಿಕೊಂಡೇ ಓಡಿದ್ದವು. ಕಿರುಬೆರಳಿನ ಗುರುತಂತೂ ಇನ್‌ಸೋಲಿನ ಅಂಚನ್ನು ದಾಟಿ ಶೂ ಗೋಡೆಯ ಮೇಲೆ ಬಿದ್ದಿತ್ತು. ಬಟ್ಟೆಯ ಒಳಮೈ ಆ ಜಾಗದಲ್ಲಿ ಸವೆದು ನಯವಾಗಿತ್ತು. ಗುಳ್ಳೆ ಏಳುತ್ತಿದ್ದುದು ಅಲ್ಲೇ.

ಆಮೇಲೆ ಪಿನ್. ಎಡ ಶೂನಲ್ಲಿ ಹೊರ ಅಂಚಿನ ಎರಡು ಪಿನ್‌ಗಳು ಮೊಂಡಾಗಿದ್ದವು, ಒಳ ಅಂಚಿನವು ಹೊಸದರಂತೆ ಚೂಪಾಗಿದ್ದವು. ಬಲ ಶೂನಲ್ಲಿ ಸವೆತ ಒಳ ಅಂಚಿಗೆ ಇತ್ತು. 200 ಓಡುವವರ ಶೂನಲ್ಲಿ ಇದು ಹೊಸದೇನಲ್ಲ. ಮೊದಲ ಅರ್ಧಕ್ಕಿಂತ ಹೆಚ್ಚು ಭಾಗ ತಿರುವಿನಲ್ಲೇ ಹೋಗುತ್ತದೆ, ಮೈ ಎಡಕ್ಕೆ ವಾಲಿರುತ್ತದೆ, ಎಡಪಾದದ ಹೊರಬದಿ ಮತ್ತು ಬಲಪಾದದ ಒಳಬದಿ ಭಾರ ಹೊರುತ್ತವೆ. ಎಡಪಾದವನ್ನು ಹೊರಕ್ಕೆ ಒತ್ತುವ ಓಟ, ಹೊರಗೆ ಜಾಗವೇ ಇಲ್ಲದ ಶೂ. ಬರೀ 100 ಮೀಟರ್ ಓಡುವವರಿಗೆ ಇದೇ ಇಕ್ಕಟ್ಟು ಇಷ್ಟು ತೊಂದರೆ ಕೊಡದೆ ಇರಬಹುದಿತ್ತು.

ಒಂದು ಪಿನ್ ಕೈಯಲ್ಲೇ ತಿರುಗುತ್ತಿತ್ತು. ಹಾಕುವಾಗ ತೂತಿನೊಳಗೆ ಮರಳು ಸೇರಿ ತಿರುಪಿನ ಥ್ರೆಡ್ ಕೆಟ್ಟಿತ್ತು.

ಕೊನೆಗೆ ಪ್ಲೇಟ್. ಶೂ ಮೂತಿಯನ್ನು ಒಂದು ಕೈಯಲ್ಲಿ, ಹಿಮ್ಮಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಾನು ಜೋರಾಗಿ ಒತ್ತಿದರೂ ಬೆರಳ ಬುಡದ ಹತ್ತಿರ ಅದು ಬಾಗಲಿಲ್ಲ. ಬಲಿಷ್ಠ ಓಟಗಾರ ಮೇಲಿನಿಂದ ಬಂದು ಅಪ್ಪಳಿಸಿದಾಗ ಸ್ವಲ್ಪ ಬಾಗಿ ಪುಟಿಯಲಿ ಅಂತ ಮಾಡಿದ ಪ್ಲೇಟ್ ಅದು. ಹಗುರ ಮೈಯ 16ರ ಹುಡುಗಿಯ ಕೆಳಗೆ ಅದು ಹೆಚ್ಚುಕಡಿಮೆ ಹಲಗೆಯಾಗಿಯೇ ಉಳಿಯುತ್ತದೆ.

ಓಡಿಸಿ ನೋಡಿದ್ದು

ನೋಡಿ ಊಹಿಸುವುದು ಒಂದು, ಓಡಿಸಿ ತಿಳಿಯುವುದು ಇನ್ನೊಂದು. ಗುಂಪಿನಲ್ಲಿ ಇವಳ ಪಾದದ್ದೇ ಅಳತೆಯ ಇನ್ನೊಬ್ಬಳು ಇದ್ದಳು. ಅವಳದು ನಡುಮಟ್ಟದ ಗಡಸಿನ, ಮೂತಿ ಅಗಲವಿದ್ದ ಶೂ. ಅದನ್ನು ಕೇಳಿ ಪಡೆದೆವು. ನೋವು ಇಳಿಯಲು ಬಿಟ್ಟು, ಗುಳ್ಳೆ ಒಣಗಿದ ಮೇಲೆ, ಬೇರೆ ಬೇರೆ ದಿನ ಎರಡೂ ಶೂಗಳಲ್ಲಿ ಅವೇ ಓಟಗಳನ್ನು ಓಡಿಸಿದೆವು: ಬ್ಲಾಕ್‌ನಿಂದ 20 ಮೀಟರ್, ಓಡುತ್ತಾ ಬಂದು ಪೂರ್ತಿ ವೇಗದ 30 ಮೀಟರ್, ಮತ್ತು ತಿರುವಿನಿಂದ ಶುರುವಾಗುವ 150 ಮೀಟರ್. ಒಂದು ಸಲ ಗಟ್ಟಿ ಶೂನ ದಿನ ಮೊದಲು, ಇನ್ನೊಂದು ಸಲ ಅದು ಆಮೇಲೆ. ಯಾವಾಗಲೂ ಒಂದನ್ನೇ ಮೊದಲು ಹಾಕಿಸಿದರೆ ದಣಿವಿನ ದೋಷವೆಲ್ಲ ಎರಡನೆಯದರ ತಲೆಗೆ ಬರುತ್ತದೆ.

ಸ್ಟಾಪ್‌ವಾಚನ್ನು ಇಲ್ಲಿ ನಂಬುವ ಹಾಗಿಲ್ಲ. ಕೈಯಲ್ಲಿ ಅಳೆದ 100 ಮತ್ತು 200 ಮೀಟರ್ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಕೂಡಿಸುವ ರೂಢಿಯೇ ಇದೆ. ಹುಡುಕುತ್ತಿರುವ ವ್ಯತ್ಯಾಸ ಅದಕ್ಕಿಂತ ತೀರಾ ಚಿಕ್ಕದು. ಹಾಗಾಗಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೆಕೆಂಡಿಗೆ 240 ಚಿತ್ರದ ನಿಧಾನ ವಿಡಿಯೊ ತೆಗೆದೆವು. ಒಂದೊಂದು ಚಿತ್ರ ಅಂದರೆ ಸುಮಾರು 4 ಮಿಲಿಸೆಕೆಂಡ್. ಪಾದ ನೆಲ ಮುಟ್ಟಿದ ಚಿತ್ರದಿಂದ ಬಿಟ್ಟ ಚಿತ್ರದವರೆಗೆ ಎಣಿಸಿದರೆ ಕಾಲು ನೆಲದ ಮೇಲೆ ಎಷ್ಟು ಹೊತ್ತು ಇತ್ತು ಅಂತ ಸಿಗುತ್ತದೆ. ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು, ತಾಳ್ಮೆ ಇದ್ದರೆ ಸಾಕು.

ಬ್ಲಾಕ್‌ನಿಂದ 20 ಮೀಟರಿನಲ್ಲಿ ಗಟ್ಟಿ ಶೂ ಕೂದಲೆಳೆಯಷ್ಟು ಮುಂದಿತ್ತು. ಪೂರ್ತಿ ವೇಗದ 30ರಲ್ಲಿ ಎರಡೂ ಒಂದೇ, ಕಾಲು ನೆಲದ ಮೇಲಿದ್ದುದು ಎರಡರಲ್ಲೂ 27 ಚಿತ್ರದ ಆಸುಪಾಸು. ವ್ಯತ್ಯಾಸ ತೆರೆದುಕೊಂಡಿದ್ದು 150ರ ಕೊನೆಯ 30ರಲ್ಲಿ. ನಡುಮಟ್ಟದ ಶೂನಲ್ಲಿ 29 ಚಿತ್ರ. ಗಟ್ಟಿ ಶೂನಲ್ಲಿ 32, ಕೆಲವು ಹೆಜ್ಜೆಗಳಲ್ಲಿ 33. ದಣಿದ ಮೀನಖಂಡಕ್ಕೆ ಆ ಪ್ಲೇಟನ್ನು ಒತ್ತಿ ಮುಗಿಸಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ವಿಡಿಯೊದಲ್ಲಿ ಇನ್ನೊಂದೂ ಕಂಡಿತು: ಆ ಹೊತ್ತಿಗೆ ಅವಳ ಹಿಮ್ಮಡಿ ಒಂದೊಂದು ಹೆಜ್ಜೆಗೂ ನೆಲದ ಕಡೆ ಕುಸಿಯುತ್ತಿತ್ತು. ಹಿಮ್ಮಡಿ ಕೆಳಗೆ ಏನೂ ಇಲ್ಲದ ಶೂ ಆದ್ದರಿಂದ ಆ ಕುಸಿತದ ಎಳೆತವೆಲ್ಲ ನೇರವಾಗಿ ಮೀನಖಂಡಕ್ಕೆ ಮತ್ತು ಹಿಮ್ಮಡಿ ಹಿಂದಿನ ದಪ್ಪ ಸ್ನಾಯುರಜ್ಜಿಗೆ (ಅಕಿಲಿಸ್ ಟೆಂಡನ್) ಹೋಗುತ್ತಿತ್ತು.

ಒಬ್ಬಳೇ ಓಟಗಾರ್ತಿ, ಕೆಲವೇ ಓಟ. ಇದರಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಲು ಆಗುವುದಿಲ್ಲ, ಮಾಡಲೂಬಾರದು. ಆದರೆ ಇವಳ ಆಯ್ಕೆಗೆ ಇಷ್ಟು ಸಾಕಿತ್ತು. ಓಡಿದ ಕೂಡಲೇ "ಯಾವುದು ಚೆನ್ನಾಗಿತ್ತು?" ಅಂತ ಕೇಳಿದಾಗ ಅವಳು ಪ್ರತಿ ಸಲವೂ ಗಟ್ಟಿ ಶೂ ಅಂತಲೇ ಹೇಳಿದಳು. ಮರುದಿನ ಬೆಳಗ್ಗೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳಿದರೆ ಗಟ್ಟಿ ಶೂಗೆ 6, ಇನ್ನೊಂದಕ್ಕೆ 2. ಅಂಗಡಿಯಲ್ಲಿ ಹಾಕಿ ನೋಡಿದಾಗ ಸಿಗುವುದು ಮೊದಲನೆಯ ಉತ್ತರ ಮಾತ್ರ. ಅದಕ್ಕೇ ಬಹಳಷ್ಟು ಜನ ಶೂ ಆರಿಸುವಾಗ ಮೊದಲ ಹತ್ತು ಹೆಜ್ಜೆಗೆ ಮರುಳಾಗುತ್ತಾರೆ.

ಮುಂದಿದ್ದ ದಾರಿಗಳು

ಅದೇ ಶೂ ಇಟ್ಟುಕೊಂಡು ಕಾಲನ್ನು ಗಟ್ಟಿ ಮಾಡೋಣ ಅನ್ನುವುದು ಒಂದು ದಾರಿ. ಅಳತೆಯೇ ತಪ್ಪಿದ್ದರಿಂದ ಇದು ಅಲ್ಲಿಗೇ ಮುಗಿಯಿತು. ಮೀನಖಂಡ ಬಲಿಯುತ್ತದೆ, ಬೆರಳು ಗಿಡ್ಡವಾಗುವುದಿಲ್ಲ.

ಎರಡನೆಯದು, ಹಿಮ್ಮಡಿಗೆ ಮೆತ್ತೆ ಇರುವ ಮಧ್ಯಮ ದೂರದ ಸ್ಪೈಕ್ಸ್. ಇದನ್ನು ಕೇಳಿದರೆ ಅನೇಕರು ಮೂಗು ಮುರಿಯುತ್ತಾರೆ, ಸ್ಪ್ರಿಂಟರ್‌ಗೆ ಅದೆಲ್ಲ ಯಾಕೆ ಅಂತ. ಅವರಿಗೆ ನಾನು ಟೋಬಿ ಅಮುಸಾನ್ ಹೆಸರು ಹೇಳುತ್ತೇನೆ. ನೈಜೀರಿಯಾದ ಈ ಓಟಗಾರ್ತಿ 2022ರ ಜುಲೈನಲ್ಲಿ ಯೂಜೀನ್‌ನ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ 100 ಮೀಟರ್ ಹರ್ಡಲ್ಸನ್ನು 12.12 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದರು. ಕಾಲಲ್ಲಿದ್ದುದು ದೂರದ ಓಟಕ್ಕೆಂದು ಮಾಡಿದ ಅಡಿಡಾಸ್ ಅವಂತಿ. ಆ ಸೀಸನ್ನಿನ ಶುರುವಿನಲ್ಲಿ ಅಂಗಾಲಿನ ನೋವು, ಪ್ಲಾಂಟರ್ ಫ್ಯಾಸಿಯೈಟಿಸ್, ಕಾಡಿತ್ತು, ಹಾಗಾಗಿ ಮೆತ್ತನೆ ಅಟ್ಟೆಯ ಸ್ಪೈಕ್ಸ್ ಕೇಳಿ ಪಡೆದೆ ಅಂತ ಅವರೇ ಹೇಳಿದ್ದಾರೆ. ಆ ಶೂನ ದಪ್ಪ ಫೋಮ್ ಬಗ್ಗೆ ಆಗ ಚರ್ಚೆಯೂ ಆಯಿತು. ಅದು ಏನೇ ಇರಲಿ, ಪೆಟ್ಟಿಗೆ ಮೇಲೆ ಯಾವ ಓಟದ ಹೆಸರಿದೆ ಅನ್ನುವುದಕ್ಕಿಂತ ತನ್ನ ಕಾಲು ಏನು ಕೇಳುತ್ತಿದೆ ಅಂತ ನೋಡಿದ ಓಟಗಾರ್ತಿಯನ್ನು ನಾನು ಗೌರವಿಸುತ್ತೇನೆ.

ಆದರೂ ಇವಳಿಗೆ ಆ ದಾರಿ ಬೇಡ ಅಂದುಕೊಂಡೆವು. ಇವಳ ನೋವು ಅಂಗಾಲಿನದಲ್ಲ. ಅಗ್ಗದ ಮಧ್ಯಮ ದೂರದ ಮಾದರಿಗಳಲ್ಲಿ ಪ್ಲೇಟ್ ತೀರಾ ಮೆತ್ತಗೆ, ತಿರುವಿನಲ್ಲಿ ಪಾದ ಪಕ್ಕಕ್ಕೆ ಜಾರುತ್ತದೆ. ನಡುಮಟ್ಟದ ಸ್ಪ್ರಿಂಟ್ ಶೂನಲ್ಲಿ ಅವಳು ಚೆನ್ನಾಗಿ ಓಡಿದ್ದು ಕಣ್ಣೆದುರಿಗೇ ಇತ್ತು. ಹಳೆಯ ಮಾದರಿಯದೇ ದೊಡ್ಡ ಸೈಜ್ ತರುವುದೂ ಕೆಟ್ಟ ಆಯ್ಕೆಯಾಗಿರಲಿಲ್ಲ. 13, 14ರ ಮಕ್ಕಳಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ. ಇವಳು ಅದನ್ನು ದಾಟಿದ್ದಳು ಅಷ್ಟೆ.

ಆರಿಸಿದ್ದು ಹೇಗೆ

ಸಂಜೆ ಹೊತ್ತು, ಓಡಿ ಮುಗಿಸಿದ ಮೇಲೆ ಶೂ ನೋಡಲು ಹೋಗಿ ಅಂತ ಅವಳಿಗೂ ಅವಳ ಅಮ್ಮನಿಗೂ ಹೇಳಿದೆ. ದಿನ ಇಳಿಯುತ್ತಾ ಪಾದ ಸ್ವಲ್ಪ ಊದಿಕೊಳ್ಳುತ್ತದೆ. ರೇಸಿನಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು, ಬರಿಗಾಲಲ್ಲಿ ಓಡುವವರು ಬರಿಗಾಲಲ್ಲೇ ಹಾಕಿ ನೋಡಬೇಕು. ಎರಡೂ ಕಾಲಿಗೆ ಹಾಕಲೇಬೇಕು. ಇವಳ ಎಡಪಾದ ಬಲಕ್ಕಿಂತ ತುಸು ಅಗಲ ಅನ್ನುವುದು ಗೊತ್ತಾಗಿದ್ದೇ ಆಗ.

ಹಾಕಿಕೊಂಡು ಅಂಗಡಿ ತುಂಬಾ ನಡೆಯುವುದರಿಂದ ಏನೂ ತಿಳಿಯುವುದಿಲ್ಲ. ಸ್ಪ್ರಿಂಟ್ ಶೂನಲ್ಲಿ ಯಾರೂ ಹಿಮ್ಮಡಿ ಊರಿ ನಡೆಯುವುದಿಲ್ಲ. ರಬ್ಬರ್ ಚಾಪೆಯ ಮೇಲೆ ಬೆರಳ ಬುಡದ ಮೇಲೆ ಎದ್ದು ನಿಲ್ಲಬೇಕು, ಹಾಗೇ ಗೋಡೆಗೆ ಕೈಕೊಟ್ಟು ಓಡುವ ಭಂಗಿಯಲ್ಲಿ ಮುಂದಕ್ಕೆ ಒರಗಬೇಕು. ಆಗ ಹಿಮ್ಮಡಿ ಶೂನಿಂದ ಮೇಲಕ್ಕೆ ಜಾರಿದರೆ ಆ ಶೂ ಬೇಡ. ಬೆರಳ ತುದಿ ಮೂತಿಯನ್ನು ಮುಟ್ಟಬಹುದು, ಮಡಚಬಾರದು. ಬೆರಳುಗಳನ್ನು ಒಳಗೇ ಸ್ವಲ್ಪ ಅಲ್ಲಾಡಿಸಲು ಆಗಬೇಕು. ಆಮೇಲೆ ಎಡಗಾಲನ್ನು ತಿರುವಿನಲ್ಲಿರುವಂತೆ ಹೊರಕ್ಕೆ ಒತ್ತಿ ನೋಡಬೇಕು: ಪಾದ ಪ್ಲೇಟಿನ ಅಂಚು ದಾಟಿ ಹೊರಗೆ ಚೆಲ್ಲುತ್ತಿದೆಯೇ, ಕಿರುಬೆರಳು ಗೋಡೆಗೆ ಉಜ್ಜುತ್ತಿದೆಯೇ? ಇವಳ ವಿಷಯದಲ್ಲಿ ನಿರ್ಧಾರವಾಗಿದ್ದು ಈ ಒಂದು ಪರೀಕ್ಷೆಯಿಂದಲೇ. ನೋಡಿದ ಮೂರು ಮಾದರಿಗಳಲ್ಲಿ ಎರಡು ಇಲ್ಲೇ ಬಿದ್ದುಹೋದವು.

ತಂದಿದ್ದು ಟ್ರೈನಿಂಗ್ ಶೂಗಿಂತ ಅರ್ಧ ಸೈಜ್ ಚಿಕ್ಕದು, ಮೂತಿ ಅಗಲವಿರುವ, ಪ್ಲಾಸ್ಟಿಕ್ ಪ್ಲೇಟಿನ ಶೂ. ಎರಡೂ ಕೈಯಿಂದ ಬಲವಾಗಿ ಒತ್ತಿದರೆ ಬಾಗುತ್ತದೆ, ಬಿಟ್ಟ ಕೂಡಲೇ ಚಟ್ಟನೆ ವಾಪಸ್ ಬರುತ್ತದೆ. ಬಾಗುವ ಜಾಗವೂ ಸರಿಯಾಗಿ ಬೆರಳ ಬುಡದಲ್ಲೇ ಇದೆ. ನಡುಪಾದದಲ್ಲಿ ಬಾಗುವ ಶೂಗಳೂ ಸಿಗುತ್ತವೆ, ಅಂಥವನ್ನು ಮುಟ್ಟಲೇಬೇಡಿ.

ಪಿನ್ ವಿಷಯ

ಪಿನ್ ಉದ್ದ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅದರಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ಪಿನ್ ರಬ್ಬರನ್ನು ಕಚ್ಚಿ ಜಾರದಂತೆ ತಡೆದರೆ ಸಾಕು. ಆಳಕ್ಕೆ ಇಳಿದಷ್ಟೂ ಎಳೆದು ತೆಗೆಯುವ ಕೆಲಸ ಹೆಚ್ಚು, ಟ್ರ್ಯಾಕಿಗೂ ಹಾನಿ. ವರ್ಲ್ಡ್ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಪಿನ್ 9 ಮಿಲಿಮೀಟರ್ ದಾಟಬಾರದು, ಹೈಜಂಪ್ ಮತ್ತು ಜಾವೆಲಿನ್‌ಗೆ ಮಾತ್ರ 12ರವರೆಗೆ ಅವಕಾಶ. ಒಂದು ಶೂಗೆ ಹೆಚ್ಚೆಂದರೆ 11 ಪಿನ್. ಆದರೆ 9 ಅನ್ನುವುದು ಗರಿಷ್ಠ ಮಿತಿ. ಎಷ್ಟೋ ಟ್ರ್ಯಾಕ್‌ಗಳಲ್ಲಿ 6 ಅಥವಾ 7 ಮಿಲಿಮೀಟರಿನ ಪಿರಮಿಡ್ ಪಿನ್ ಮಾತ್ರ ಅಂತ ಬೋರ್ಡೇ ಹಾಕಿರುತ್ತಾರೆ. ಕೂಟದ ದಿನ ಬೆಳಗ್ಗೆ ಅದನ್ನು ನೋಡಿ ಗಾಬರಿಯಾಗುವ ಬದಲು ಮೊದಲೇ ಕೇಳಿ ತಿಳಿದುಕೊಳ್ಳಿ. ಮಣ್ಣಿನ ಅಥವಾ ಹುಲ್ಲಿನ ಟ್ರ್ಯಾಕಿಗೆ ಉದ್ದ ಪಿನ್ ಬೇಕು, ಅದು ಬೇರೆಯೇ ಲೆಕ್ಕ.

ಪಿನ್ ಬಗ್ಗೆ ಮನುಷ್ಯರ ಆಸೆ ಹಳೆಯದು. 1968ರಲ್ಲಿ ಪೂಮಾ ಕಂಪನಿ ಬ್ರಷ್ಷಿನ ಹಾಗೆ 68 ಚಿಕ್ಕ ಸೂಜಿಗಳಿರುವ ಸ್ಪೈಕ್ಸ್ ಮಾಡಿತ್ತು. ಆ ವರ್ಷ ಅಮೆರಿಕದ ಒಲಿಂಪಿಕ್ ಆಯ್ಕೆ ಸ್ಪರ್ಧೆಯಲ್ಲಿ ಜಾನ್ ಕಾರ್ಲೋಸ್ ಅದನ್ನು ಹಾಕಿಕೊಂಡೇ 200 ಮೀಟರನ್ನು 19.92ರಲ್ಲಿ ಓಡಿದರು. ಶೂ ನಿಯಮಕ್ಕೆ ಒಪ್ಪದ್ದು ಅಂತ ದಾಖಲೆಗೆ ಮಾನ್ಯತೆ ಸಿಗಲಿಲ್ಲ. ಈಗ ಏಸಿಕ್ಸ್ ಕಂಪನಿ ಪಿನ್ನೇ ಇಲ್ಲದೆ, ಜೇನುಗೂಡಿನಂಥ ಕಾರ್ಬನ್ ಅಂಚುಗಳಿಂದ ಹಿಡಿತ ಕೊಡುವ ಸ್ಪ್ರಿಂಟ್ ಶೂ ಕೂಡ ಮಾಡಿದೆ. 68ರಿಂದ ಸೊನ್ನೆಯವರೆಗೆ ಎಲ್ಲ ಪ್ರಯತ್ನವೂ ಆಗಿದೆ, ಅಲ್ವಾ!

ಇವಳಿಗೆ 6 ಮಿಲಿಮೀಟರಿನ ಪಿರಮಿಡ್ ಪಿನ್ ಹಾಕಿದೆವು. ತೂತನ್ನು ಹಳೆ ಬ್ರಷ್‌ನಿಂದ ಉಜ್ಜಿ, ಥ್ರೆಡ್‌ಗೆ ಚೂರು ವ್ಯಾಸಲಿನ್ ಸವರಿ, ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಓರೆಯಾಗಿ ಹತ್ತುತ್ತಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಕೀ ಹಾಕಿ ಬಿಗಿ ಮಾಡಬೇಕು. ಮೊದಲ ಓಟದ ನಂತರ ಇನ್ನೊಮ್ಮೆ ನೋಡಿದರೆ ಒಂದೆರಡು ಸಡಿಲ ಆಗಿರುತ್ತವೆ. ಸೀಸನ್ ಮುಗಿದಾಗ ಎಲ್ಲ ಬಿಚ್ಚಿಡಿ, ಇಲ್ಲದಿದ್ದರೆ ತುಕ್ಕು ಹಿಡಿದು ಅಲ್ಲೇ ಕೂರುತ್ತವೆ. ಇಷ್ಟನ್ನು ಓಟಗಾರರೇ ಮಾಡಲು ಕಲಿಯಬೇಕು. ಅವಳು ಕಲಿತಳು.

ಹೊಸ ಶೂಗೆ ಕಾಲನ್ನು ಒಗ್ಗಿಸುವುದು

ಸರಿಯಾದ ಶೂ ಕೂಡ ಒಮ್ಮೆಲೇ ಪೂರ್ತಿ ಹೊರೆ ಹಾಕಿದರೆ ಕಾಲನ್ನು ಕೆಡಿಸುತ್ತದೆ. ಶುರುವಿನಲ್ಲಿ ವಾರ್ಮ್ ಅಪ್ ಎಲ್ಲ ಟ್ರೈನಿಂಗ್ ಶೂನಲ್ಲಿ, ಕೊನೆಗೆ 60 ಮೀಟರಿನ ಮೂರು ನಾಲ್ಕು ಸರಾಗ ಓಟ ಮಾತ್ರ ಸ್ಪೈಕ್ಸ್‌ನಲ್ಲಿ, ಅದೂ ನೇರ ಟ್ರ್ಯಾಕಿನಲ್ಲಿ. ಮರುದಿನ ನೋವಿಲ್ಲ ಅಂದರೆ ಮುಂದೆ. ಆಮೇಲೆ ಬ್ಲಾಕ್, ಆಮೇಲೆ ಪೂರ್ತಿ ವೇಗ, ತಿರುವು ಎಲ್ಲಕ್ಕಿಂತ ಕೊನೆಗೆ. ಓಟ ಮುಗಿದ ಕೂಡಲೇ ಶೂ ಬಿಚ್ಚುವುದು, ಸಿಮೆಂಟ್ ನೆಲದ ಮೇಲೆ ಒಂದು ಹೆಜ್ಜೆಯೂ ಇಡದಿರುವುದು. ಜೊತೆಗೆ ಒಂಟಿಗಾಲ ಹಿಮ್ಮಡಿ ಎತ್ತುವ ವ್ಯಾಯಾಮ, ವಾರಕ್ಕೆ ಮೂರು ಸಲ, ಎಡಗಾಲಿಗೆ ಒಂದು ಸುತ್ತು ಜಾಸ್ತಿ. ಹುಲ್ಲಿನ ಮೇಲೆ ಬರಿಗಾಲ ಓಟ ಸ್ವಲ್ಪ.

ಗುಳ್ಳೆ ಮತ್ತೆ ಬರಲಿಲ್ಲ. ಬೆಳಗಿನ ನೋವು ಕೆಲವು ವಾರಗಳಲ್ಲಿ ಹೋಯಿತು. 200ರಲ್ಲಿ ಕೊನೆಯ 50 ಮತ್ತೆ ಅವಳದಾಯಿತು, ಸೀಸನ್ನಿನ ಕೊನೆಯ ಕೂಟದಲ್ಲಿ ತನ್ನ ಹಿಂದಿನ ಅತ್ಯುತ್ತಮ ಸಮಯವನ್ನು ದಾಟಿದಳು. ಇದರಲ್ಲಿ ಎಷ್ಟು ಪಾಲು ಶೂನದು, ಎಷ್ಟು ಬಲಿತ ಮೀನಖಂಡದ್ದು, ಎಷ್ಟು ನೋವಿಲ್ಲದೆ ಮಾಡಿದ ತರಬೇತಿಯದು ಅಂತ ಬಿಡಿಸಿ ಹೇಳಲು ಬರುವುದಿಲ್ಲ. 100ರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಬ್ಲಾಕ್‌ನಿಂದ ಏಳುವಾಗ ಆ ಗಟ್ಟಿ ಶೂನ ಒದೆತ ನೆನಪಾಗುತ್ತದೆ ಸರ್ ಅಂತ ಈಗಲೂ ಹೇಳುತ್ತಾಳೆ. ಅವಳ ಮಾತು ನಿಜ. ಆ ಶೂ ಅಲ್ಲಿ ಅವಳಿಗೆ ಏನೋ ಕೊಡುತ್ತಿತ್ತು.

ಆ ಗಟ್ಟಿ ಶೂ ಈಗ ಗುಂಪಿನ ಇನ್ನೊಬ್ಬ ಓಟಗಾರ್ತಿಯ ಕಾಲಲ್ಲಿದೆ. ವಯಸ್ಸಿನಲ್ಲಿ ಇವಳಿಗಿಂತ ಐದು ವರ್ಷ ದೊಡ್ಡವಳು, ಪಾದ ಚಿಕ್ಕದು, ಕಿರಿದು. ವರ್ಷಗಟ್ಟಲೆ ಜಿಮ್‌ನಲ್ಲಿ ದುಡಿದ ಮೀನಖಂಡ, ಓಡುವುದು 60 ಮತ್ತು 100 ಮಾತ್ರ, ತಿರುವಿನ ಗೊಡವೆಯೇ ಇಲ್ಲ. ಅವಳ ಕೆಳಗೆ ಆ ಪ್ಲೇಟ್ ಬಾಗುವುದು ವಿಡಿಯೊದಲ್ಲಿ ಕಾಣುತ್ತದೆ.

ನಮ್ಮ ಹುಡುಗಿಗೆ ಮುಂದಿನ ಸೀಸನ್‌ಗೆ 100 ಮೀಟರಿಗಷ್ಟೇ ಇನ್ನೊಂದು ಜೊತೆ, ಸ್ವಲ್ಪ ಹೆಚ್ಚು ಗಡಸಿನದು, ಬೇಕೇ ಅನ್ನುವ ಪ್ರಶ್ನೆ ಇನ್ನೂ ತೆರೆದಿದೆ. ಅದಕ್ಕೆ ಮೂರು ಷರತ್ತು ಇಟ್ಟುಕೊಂಡಿದ್ದೇವೆ. ಎರಡೂ ಕಾಲಲ್ಲಿ ಹಿಮ್ಮಡಿ ಎತ್ತುವುದು 25 ದಾಟಬೇಕು, ಎಡ ಬಲದ ನಡುವೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. 150ರ ಕೊನೆಯಲ್ಲಿ ಕಾಲು ನೆಲದ ಮೇಲಿರುವ ಹೊತ್ತು ಶುರುವಿಗಿಂತ ಎರಡು ಚಿತ್ರಕ್ಕಿಂತ ಹೆಚ್ಚಾಗಬಾರದು. ಮತ್ತು ಪಾದದ ಬೆಳವಣಿಗೆ ನಿಂತಿರಬೇಕು, ಯಾಕೆಂದರೆ ಕಳೆದ ಸಲ ಅಳತೆ ತೆಗೆದಾಗ ಎಡಪಾದ ಇನ್ನೂ ಮೂರು ಮಿಲಿಮೀಟರ್ ಬೆಳೆದಿತ್ತು.